ಅಪ್ಪನ ಕಣ್ಣಿಗೆ ಕಾಣುವ ಪೆನ್ಸಿಲ್

ಪೆನ್ಸಿಲ್ ಕೊಳ್ಳಲು ಹೋದರೆ ನಾನು ಅಂಗಡಿಯವರ ಜೀವ ತಿನ್ನುತ್ತಿದ್ದೆ. ಜಗಳೂರಿನ ಪುಸ್ತಕದಂಗಡಿಯವರು ಇದನ್ನು ನನ್ನ ಮುಖಕ್ಕೇ ಹೇಳುತ್ತಿದ್ದರು. ಎಪ್ಪತ್ತರ ದಶಕದ ನಡುವೆ ಅಲ್ಲಿನ ಹೈಸ್ಕೂಲಿಗೆ ಡ್ರಾಯಿಂಗ್ ಟೀಚರ್ ಆಗಿ ಸೇರಿದ್ದೆ. ಬ್ಯಾಗಿನಲ್ಲಿ ಡ್ರಾಯಿಂಗ್ ಹಾಳೆಯ ಒಂದು ತುಂಡು ಮತ್ತು ಅರ್ಧ ಬ್ಲೇಡು ಸದಾ ಇರುತ್ತಿದ್ದವು. ಪೆನ್ಸಿಲನ್ನು ಅಲ್ಲೇ ನಿಂತು ಹೆರೆದು, ಹಾಳೆಯ ಮೇಲೆ ಮೊದಲು ಮೆಲ್ಲಗೆ, ಆಮೇಲೆ ಒತ್ತಿ ಗೀಚಿ, ಹೆಬ್ಬೆರಳಿನಿಂದ ಉಜ್ಜಿ ನೋಡುತ್ತಿದ್ದೆ. ಕೆಲವು ಪೆನ್ಸಿಲುಗಳ ಒಳಗಿನ ಕಡ್ಡಿಯಲ್ಲಿ ಸಣ್ಣ ಹರಳು ಸೇರಿಕೊಂಡಿರುತ್ತದೆ. ಕೆನ್ನೆಗೆ ನೆರಳು ಹಾಕುವಾಗ ನಡುವೆ ಸರ್ರನೆ ಒಂದು ಗೀರು ಬಿದ್ದು ಎಲ್ಲ ಹಾಳಾಗುತ್ತದೆ. ಇನ್ನು ಕೆಲವು ಎಲ್ಲೋ ಕೆಳಗೆ ಬಿದ್ದು ಒಳಗೊಳಗೇ ತುಂಡಾಗಿರುತ್ತವೆ, ಹೆರೆದಷ್ಟೂ ಮೊನೆ ಉದುರುತ್ತಲೇ ಇರುತ್ತದೆ.

“ಟೀಚರಮ್ಮ, ಪೆನ್ಸಿಲ್ ತಗಳಾಕೆ ಬಂದೀರೋ, ಹೆಣ್ಣು ನೋಡಾಕೆ ಬಂದೀರೋ?” ಎಂದು ಅವರು ಕೇಳುತ್ತಿದ್ದರು.

“ಹೆಣ್ಣಾಗಿದ್ರೆ ಇಷ್ಟು ನೋಡ್ತಿರ್ಲಿಲ್ಲ ಬಿಡ್ರಿ” ಎನ್ನುತ್ತಿದ್ದೆ.

ಅಷ್ಟೆಲ್ಲ ನೋಡಿದರೂ ಅವರ ಬಳಿ ಇರುತ್ತಿದ್ದದ್ದು ಎಚ್‌ಬಿ ಮಾತ್ರ. ಪೆನ್ಸಿಲಿನ ಮೇಲೆ ಎಚ್ ಎಂದಿದ್ದರೆ ಕಡ್ಡಿ ಗಟ್ಟಿ, ಗೆರೆ ಸಣ್ಣ, ಬಣ್ಣ ಪೇಲವ. ಬಿ ಎಂದಿದ್ದರೆ ಕಡ್ಡಿ ಮೆದು, ಗೆರೆ ದಪ್ಪ, ಬಣ್ಣ ಕಪ್ಪು. ಜೊತೆಗಿರುವ ಅಂಕಿ ಏರಿದಂತೆ ಆ ಗುಣವೂ ಏರುತ್ತದೆ. ಎಚ್‌ಬಿ ಇವೆರಡರ ನಡುವಿನದು, ಶಾಲೆಯ ಮಕ್ಕಳಿಗೆ ಸಾಕು. ಟೂಬಿ, ಫೋರ್‌ಬಿ, ಸಿಕ್ಸ್‌ಬಿ ಬೇಕೆಂದರೆ ದಾವಣಗೆರೆಗೇ ಹೋಗಬೇಕಿತ್ತು. ಹೂಜಿ, ಬದನೆಕಾಯಿ ಬರೆಯಲು ಕಲಿಸುವ ಟೀಚರಿಗೆ ಇವೆಲ್ಲ ಯಾಕೆ ಎಂದು ಸ್ಟಾಫ್‌ರೂಮಿನಲ್ಲಿ ಕೇಳುತ್ತಿದ್ದರು. ನಾನು ಬರೆಯಬೇಕಾಗಿದ್ದದ್ದು ನನ್ನ ಅವ್ವನ ಮುಖ. ಅದನ್ನು ನಾನು ನೋಡಿದ ನೆನಪೇ ಇಲ್ಲ.

ನನಗೆ ಎರಡು ತುಂಬುವ ಮೊದಲೇ ಅವ್ವ ನ್ಯಾಮತಿಯಲ್ಲಿ ತೀರಿಕೊಂಡಳು. ಅವಳ ಫೋಟೊ ಇಲ್ಲ. ಇದ್ದದ್ದು ನನ್ನ ಫೋಟೊ ಒಂದೇ, ಹೊನ್ನಾಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಸ್ಟೂಲಿನ ಮೇಲೆ ಕೂರಿಸಿದರೆ ನಾನು ಕೂರುತ್ತಿರಲಿಲ್ಲವಂತೆ, ಜಾರಿ ಇಳಿಯುತ್ತಿದ್ದೆನಂತೆ. ಕೊನೆಗೆ ಅವ್ವ ಸ್ಟೂಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಮೇಲೆ ಒಂದು ಬಟ್ಟೆ ಹಾಕಿಸಿಕೊಂಡು ನನ್ನನ್ನು ಹಿಡಿದುಕೊಂಡಿದ್ದಳಂತೆ. ಫೋಟೊದಲ್ಲಿ ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟುಕೊಂಡು ಅಳುಮೋರೆ ಮಾಡಿರುವ ನಾನಿದ್ದೇನೆ, ನನ್ನ ಸೊಂಟದ ಪಕ್ಕದಲ್ಲಿ ಅವಳ ನಾಲ್ಕು ಬೆರಳುಗಳಿವೆ. ಅದನ್ನು ನೋಡಿದಾಗಲೆಲ್ಲ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು. ಅಷ್ಟು ದೂರ ಹೋದವಳು ಒಂದೇ ಒಂದು ಸಲ ತಲೆ ಎತ್ತಬಾರದಿತ್ತೇ? ಹಿರೇರ ಹಬ್ಬದಲ್ಲಿ ಎಲ್ಲರ ಮನೆಯಲ್ಲೂ ಸತ್ತವರ ಫೋಟೊಗೆ ಹೂವು ಹಾಕಿ ಎಡೆ ಇಡುತ್ತಿದ್ದರು. ನಾವು ಅವಳ ಹಸಿರು ಸೀರೆಯನ್ನು ಮಡಿಸಿ ಮಣೆಯ ಮೇಲಿಟ್ಟು, ಅದಕ್ಕೇ ಕುಂಕುಮ ಹಚ್ಚಿ, ಹೋಳಿಗೆ ಬಡಿಸುತ್ತಿದ್ದೆವು.

ಅವ್ವನ ಮುಖ ಉಳಿದಿದ್ದದ್ದು ಇಬ್ಬರಲ್ಲಿ. ಒಬ್ಬಳು ಹೊನ್ನಾಳಿಯಲ್ಲಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ. ಇನ್ನೊಬ್ಬ ಅಪ್ಪ. ಅವನು ನ್ಯಾಮತಿಯಲ್ಲಿ ಟೈಲರ್ ಆಗಿದ್ದ. ಮತ್ತೆ ಮದುವೆ ಆಗದೆ, ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ನನ್ನನ್ನು ಬೆಳೆಸಿದ. ನಾನು ಮೊದಲು ಗೆರೆ ಎಳೆದದ್ದು ಅವನ ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಲ್ಲಿ.

ನನಗೆ ಕೆಲಸ ಸಿಕ್ಕ ಒಂದೆರಡು ವರ್ಷಕ್ಕೆ ಅಪ್ಪನಿಗೆ ಸೂಜಿಗೆ ದಾರ ಪೋಣಿಸುವುದು ಆಗದೇ ಹೋಯಿತು. ವಯಸ್ಸು ಅಂದುಕೊಂಡೆವು. ಆಮೇಲೆ ಪಕ್ಕದಿಂದ ಬಂದ ಗಿರಾಕಿ ಕಾಣದೆ, ಅವರು ಮಾತಾಡಿದಾಗ ಬೆಚ್ಚಿಬೀಳತೊಡಗಿದ. ದಾವಣಗೆರೆಯ ಕಣ್ಣಿನ ಡಾಕ್ಟರು ಒಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಡ್ರಾಪ್ಸ್ ಹಾಕಿದರೆ ಉಳಿದದ್ದು ಸ್ವಲ್ಪ ನಿಧಾನವಾಗಿ ಹೋಗಬಹುದು, ಅಷ್ಟೇ. ಅವನನ್ನು ಜಗಳೂರಿಗೆ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಅಪ್ಪ ಹೇಳಿದ:

“ಹೋಗಾದು ಹೋಗ್ಲಿ. ಹೋಗಾದ್ರೊಳಗೆ ನಿಮ್ಮವ್ವನ ಮುಖ ಒಂದ್ಸಲ ನೋಡ್ಬೇಕು. ನೀನು ಬರೀತೀಯಲ್ಲ, ಬರಿ.”

“ನಿನ್ನ ನೆನಪಿನಾಗೆ ಐತಲ್ಲಪ್ಪ.”

“ಅಲ್ಲೂ ಮಸುಕಾಗ್ತೈತೆ ಕಣವ್ವ.”

ಹೀಗೆ ಶುರುವಾಯಿತು. ಶಾಲೆ ಬಿಟ್ಟು ಬಂದ ಮೇಲೆ ಜಗಲಿಯಲ್ಲಿ ಕೂರುತ್ತಿದ್ದೆವು. ಅಪ್ಪ ಬಟ್ಟೆಯ ಅಳತೆ ಹೇಳುವವನ ಹಾಗೆಯೇ ನೂಲು, ಬೆರಳುಗಳ ಲೆಕ್ಕದಲ್ಲಿ ಮುಖ ಹೇಳುತ್ತಿದ್ದ. “ಎಡಗಣ್ಣು ಬಲಗಣ್ಣಿಗಿಂತ ಒಂದು ನೂಲು ಮ್ಯಾಲೆ. ಕೆಳತುಟಿ ನಡುವೆ ಸಣ್ಣ ಸೀಳು. ಗದ್ದ ಎರಡು ಬೆರಳು ಅಗಲ, ಹೆಚ್ಚಿಲ್ಲ.”

“ಮೂಗು?”

ತನ್ನ ಮೂಗು ಸವರಿಕೊಂಡು, “ಮೂಗು ಮೂಗಿನಂಗೇ ಇತ್ತು” ಎಂದ. ನಾನು ಪೆನ್ಸಿಲ್ ಕೆಳಗಿಟ್ಟು ನಕ್ಕೆ. ಅವನಿಗೂ ನಗು ಬಂತು.

ಮೊದಲ ಚಿತ್ರ ಮುಗಿದಾಗ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಇದು ನಮ್ಮವ್ವ” ಎಂದ. ನನ್ನ ಅಜ್ಜಿ. ಅವ್ವನಿಗೆ ಜೀವ ಇರುವವರೆಗೂ ಕಾಟ ಕೊಟ್ಟವಳು. “ಸತ್ತ ಮ್ಯಾಲೂ ಸೊಸೆ ಜಾಗದಾಗೆ ಬಂದು ಕೂತಾಳೆ ನೋಡು.” ನನ್ನ ಮುಖ ಪೂರ್ತಿ ಅಪ್ಪನ ಕಡೆಯದು. ದಿನಾ ಕನ್ನಡಿಯಲ್ಲಿ ನೋಡುವ ಮುಖ ಅದೇ ಆದ್ದರಿಂದ ಕೈ ತಾನಾಗಿಯೇ ಆ ಕಡೆಗೆ ಓಡುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಬೇರೆಯವರಿಗೆಲ್ಲ ಅವರ ತಾಯಿ ಬರುತ್ತಾಳೆ. ನನಗೆ ಮಾತ್ರ ಅಜ್ಜಿ ಬರುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಶಾಲೆಯ ಹುಡುಗಿಯರನ್ನು ಕರೆಯಲು ಬಂದ ಯಾವ ತಾಯಿಯನ್ನು ನೋಡಿದರೂ.

ಅಳಿಸಿ ಮತ್ತೆ ಬರೆದೆ. ಅಳಿಸಿ ಅಳಿಸಿ ಹಾಳೆಯ ಮೈ ಜೂಲು ಎದ್ದರೆ ಇನ್ನೊಂದು ಹಾಳೆ. ಅಪ್ಪನ ಮಾತಿನಂತೆ ಒಂದೊಂದು ಚಿತ್ರವೂ ಒಂದೊಂದು ಕಡೆ ಸರಿ ಬರುತ್ತಿತ್ತು. ಒಂದರಲ್ಲಿ ಹಣೆ, ಇನ್ನೊಂದರಲ್ಲಿ ತುಟಿ. ಎರಡನ್ನೂ ಸೇರಿಸಲು ಹೋದರೆ ಯಾರೋ ಮೂರನೆಯವಳು ಬಂದು ನಿಲ್ಲುತ್ತಿದ್ದಳು. ಅಷ್ಟರಲ್ಲಿ ಅಪ್ಪನಿಗೆ ಎಚ್‌ಬಿ ಗೆರೆ ಕಾಣುವುದು ನಿಂತಿತು. ದಾವಣಗೆರೆಯಿಂದ ಟೂಬಿ ತಂದೆ. ಒಂದು ವರ್ಷ ಅದರಲ್ಲಿ ನಡೆಯಿತು. ಆಮೇಲೆ ಫೋರ್‌ಬಿ. ಅಪ್ಪನ ಕಣ್ಣು ಎಷ್ಟು ಹೋಯಿತು ಎಂದು ಡಾಕ್ಟರಿಗಿಂತ ಮೊದಲು ನನ್ನ ಪೆನ್ಸಿಲ್ ಡಬ್ಬಿಗೆ ಗೊತ್ತಾಗುತ್ತಿತ್ತು.

ಗೆರೆ ಕಪ್ಪಾಗಬೇಕು ಎನ್ನುವುದೊಂದೇ ಸಮಸ್ಯೆಯಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ಅವನ ದೃಷ್ಟಿ ಸುತ್ತಲಿಂದ ಕುಗ್ಗುತ್ತ ಬಂದಿತ್ತು. “ಗುಂಡಿ ಹಾಕೋ ಕಾಜಾದಾಗಿಂದ ನೋಡಿದಂಗೆ” ಎನ್ನುತ್ತಿದ್ದ. ದೊಡ್ಡ ಚಿತ್ರ ಕೊಟ್ಟರೆ ಕಣ್ಣು ಕಂಡಾಗ ಬಾಯಿ ಇಲ್ಲ, ಬಾಯಿ ಕಂಡಾಗ ಕಣ್ಣು ಇಲ್ಲ. ಮುಖ ಒಟ್ಟಿಗೆ ಸಿಗಬೇಕಾದರೆ ಚಿತ್ರ ಅಂಗೈಗಿಂತ ಚಿಕ್ಕದಾಗಿರಬೇಕು. ಅಷ್ಟು ಚಿಕ್ಕ ಮುಖದಲ್ಲಿ ಒಂದು ನೂಲಿನ ಅಂತರ ತೋರಿಸಲು ಗಟ್ಟಿ ಕಡ್ಡಿಯ ಚೂಪು ಮೊನೆಯೇ ಬೇಕು, ಅದರ ಗೆರೆ ಅವನಿಗೆ ಕಾಣದು. ಅವನಿಗೆ ಕಾಣುವ ಸಿಕ್ಸ್‌ಬಿ ಎರಡು ಗೆರೆ ಎಳೆಯುವುದರೊಳಗೆ ಮೊಂಡಾಗುತ್ತದೆ, ಕಣ್ಣಿನ ರೆಪ್ಪೆ ಬರೆಯಲು ಹೋದರೆ ಹುಬ್ಬೇ ಆಗಿಬಿಡುತ್ತದೆ. ಚೂಪೂ ಇದ್ದು ಕಪ್ಪೂ ಇರುವ ಪೆನ್ಸಿಲ್ ಇಲ್ಲ. ಇದು ನನಗೆ ಗೊತ್ತಿತ್ತು. ಮಕ್ಕಳಿಗೆ ಪಾಠ ಮಾಡುವ ವಿಷಯವೇ ಇದು. ಆದರೂ ಪ್ರತಿ ಸಲ ದಾವಣಗೆರೆಗೆ ಹೋದಾಗ, ಬೇರೆ ಕಂಪನಿಯದು ಏನಾದರೂ ಬಂದಿದೆಯೇ ಎಂದು ಕೇಳಿ ಬೈಸಿಕೊಂಡು ಬರುತ್ತಿದ್ದೆ.

ಸಿಕ್ಸ್‌ಬಿಯನ್ನು ಒತ್ತಿ ಒತ್ತಿ ಹಚ್ಚಿದರೆ ಒಂದು ಹಂತದ ಮೇಲೆ ಅದು ಕಪ್ಪಾಗುವುದಿಲ್ಲ, ಹೊಳೆಯುತ್ತದೆ. ಜಗಳೂರಿನ ಬಿಸಿಲಿನಲ್ಲಿ ಅಂಥ ಹಾಳೆ ಹಿಡಿದರೆ ಅಪ್ಪ ಕಣ್ಣು ಕಿರಿದು ಮಾಡಿ, “ಹೊಳೀತೈತೆ, ಏನೂ ಕಾಣಾಕಿಲ್ಲ” ಎನ್ನುತ್ತಿದ್ದ. ಇದ್ದಿಲಿನಲ್ಲಿ ಬರೆದೆ, ಊದಿದರೆ ಹಾರಿತು. ಇಂಡಿಯನ್ ಇಂಕಿನಲ್ಲಿ ಬರೆದೆ. “ಇದ್ಯಾರೋ ನಾಟಕದ ಕಂಪನಿಯೋಳು” ಎಂದ.

ಎಂಬತ್ತರ ದಶಕ ಶುರುವಾದಾಗ ನನಗೆ ಚನ್ನಗಿರಿಗೆ ವರ್ಗವಾಯಿತು. ಸಾಮಾನು ಲಾರಿಗೆ ಹಾಕಿಸಿ, ಪೆನ್ಸಿಲ್ ಡಬ್ಬಿ ಮಾತ್ರ ಮಡಿಲಲ್ಲಿಟ್ಟುಕೊಂಡು ಅಪ್ಪನ ಜೊತೆ ಬಸ್ಸಿನಲ್ಲಿ ಹೋದೆ. ತ್ಯಾವಣಿಗೆ ದಾಟುವಾಗ ಬಸ್ಸು ಗುಂಡಿಗೆ ಇಳಿದು ಡಬ್ಬಿ ಹಾರಿ ಬಿತ್ತು. ಮೆದು ಪೆನ್ಸಿಲುಗಳೆಲ್ಲ ಒಳಗೇ ಮುರಿದವು. ಗಟ್ಟಿಯ ಒಂದು ಟೂ ಎಚ್ ಉಳಿಯಿತು. ಆ ಮಳೆಗಾಲದಲ್ಲಿ ನಾನು ದಾವಣಗೆರೆಗೆ ಹೋಗಲಿಲ್ಲ. ಅಪ್ಪನಿಗೆ ಕಾಣುವುದು ಬಿಡುವುದು ಯೋಚಿಸದೆ, ಬೇಜಾರಿಗೆ, ಆ ಟೂ ಎಚ್‌ನಲ್ಲೇ ಅಂಗೈಯಗಲದ ಒಂದು ಮುಖ ಬರೆಯುತ್ತ ಹೋದೆ. ಯಾರನ್ನೂ ಕೇಳಲಿಲ್ಲ. ಅಪ್ಪ ಅಷ್ಟು ವರ್ಷ ಹೇಳಿದ ಅಳತೆಗಳು ಕೈಗೆ ಬಂದುಬಿಟ್ಟಿದ್ದವು.

ಅದು ಮುಗಿದ ವಾರವೇ ದೊಡ್ಡವ್ವ ಹೊನ್ನಾಳಿಯಿಂದ ಬಂದಳು. ಮೇಜಿನ ಮೇಲಿದ್ದ ಹಾಳೆಯನ್ನು ನೋಡಿದವಳು ಕೈಯಲ್ಲಿದ್ದ ಚೀಲ ಕೆಳಗೆ ಬಿಟ್ಟಳು.

“ಅಯ್ಯೋ ನನ್ ತಂಗಿ!” ಎಂದು ಅಲ್ಲೇ ನೆಲದ ಮೇಲೆ ಕೂತು ಅತ್ತಳು. “ಅವಳೇ ಕಣೇ, ಬಾಯಿ ಬಿಟ್ಟು ಕರೀಬೇಕು ಅಷ್ಟೇ.”

ಅಪ್ಪ ಗೋಡೆ ಹಿಡಿದುಕೊಂಡು ಒಳಗಿಂದ ಬಂದ. ಹಾಳೆ ಅವನ ಕೈಗೆ ಕೊಟ್ಟೆ. ಕಿಟಕಿಯ ಬಳಿ ಹಿಡಿದ, ಬಾಗಿಲಿಗೆ ಹೋಗಿ ಹಿಡಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ.

“ಎಲ್ಲೈತೆ? ಬರೇ ಹಾಳೆ ಕೊಟ್ಟೀಯಲ್ಲವ್ವ.”

ಇನ್ನೊಂದು ಹಾಳೆಗೆ ನಕಲು ಮಾಡಿ ಅದನ್ನು ಕಪ್ಪು ಮಾಡೋಣವೆಂದು ಪ್ರಯತ್ನಿಸಿದೆ. ನಕಲಿನಲ್ಲಿ ದೊಡ್ಡವ್ವನಿಗೆ ತಂಗಿ ಕಾಣಲಿಲ್ಲ. ಸ್ಟುಡಿಯೋಗೆ ಒಯ್ದೆ, ಇಷ್ಟು ತೆಳು ಗೆರೆ ಫೋಟೊದಲ್ಲಿ ಹಿಡಿಯುವುದಿಲ್ಲ ಎಂದರು. ಅಪ್ಪನ ಕಾಜಾ ದಿನದಿನಕ್ಕೆ ಮುಚ್ಚುತ್ತಿತ್ತು. ಬೆಳಗಿನ ಹೊತ್ತು ಮಾತ್ರ, ಅದೂ ಕಪ್ಪು ಬಿಳುಪು ಎನ್ನುವಷ್ಟೇ ಕಾಣುತ್ತಿತ್ತು.

“ಅದನ್ನೇ ಕಪ್ಪು ಮಾಡು” ಎಂದ ಅಪ್ಪ.

“ಬ್ಯಾಡ” ಎಂದಳು ದೊಡ್ಡವ್ವ. “ಇದ್ದದ್ದೂ ಹೋಗ್ತೈತೆ. ಹಿರೇರ ಹಬ್ಬಕ್ಕೆ ಕಟ್ಟು ಹಾಕ್ಸಿ ಇಡ್ರಿ. ನಾವಾದ್ರೂ ನೋಡ್ತೀವಿ.”

“ನೋಡ್ಬೇಕಾದೋನು ನಾನು” ಎಂದ ಅಪ್ಪ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಹೊಸ ಸಿಕ್ಸ್‌ಬಿ ತಂದು, ಮರಳು ಕಾಗದದ ಮೇಲೆ ಉಜ್ಜಿ ಮೊನೆ ಮಾಡಿಕೊಂಡು ಕೂತೆ. ಒಂದು ಗೆರೆ, ಮತ್ತೆ ಉಜ್ಜುವುದು, ಮತ್ತೊಂದು ಗೆರೆ. ಎಡಗಣ್ಣಿನವರೆಗೆ ಹಳೆಯ ಗೆರೆ ತಪ್ಪಲಿಲ್ಲ. ಬಲಗಣ್ಣಿನ ರೆಪ್ಪೆಯ ಹತ್ತಿರ ಗೆರೆ ದಪ್ಪವಾಗಿ ಇದ್ದಕ್ಕಿದ್ದಂತೆ ಮುಖವೇ ಬೇರೆಯಾಯಿತು. ಮಳೆಗಾಲದ ಹಾಳೆ ತೇವ ಕುಡಿದಿತ್ತು, ರಬ್ಬರಿಗೆ ಕಪ್ಪು ಹೋಗದೆ ಹರಡಿಕೊಂಡಿತು. ಪೂರ್ತಿ ಮಾಡಿ ಅಪ್ಪನ ಕೈಗೆ ಕೊಟ್ಟೆ. ಬೆಳಗಿನ ಬೆಳಕಿನಲ್ಲಿ ಅವನು ಹಾಳೆಯನ್ನು ಅಂಗುಲ ಅಂಗುಲವಾಗಿ ಸರಿಸುತ್ತ ನೋಡಿದ.

“ಮುಖ ಕಾಣ್ತೈತೆ” ಎಂದ. ಹಾಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, “ಇವಳಲ್ಲ” ಎಂದ.

ದೊಡ್ಡವ್ವ ಆ ಹಾಳೆ ನೋಡಿದವಳೇ ಚೀಲ ಎತ್ತಿಕೊಂಡು ಹೊನ್ನಾಳಿಗೆ ಹೊರಟುಹೋದಳು. ನಾನು ಮಾಡಿದ್ದು ತಪ್ಪು ಎನ್ನಲು ಇವತ್ತಿಗೂ ತಯಾರಿಲ್ಲ. ಕೇಳಿದವನು ಅವನು, ಬರೆದದ್ದು ಅವನಿಗಾಗಿ.

ಆ ವರ್ಷದ ಹಿರೇರ ಹಬ್ಬದ ಹೊತ್ತಿಗೆ ಅಪ್ಪನಿಗೆ ಕತ್ತಲು ಬೆಳಕೂ ಗೊತ್ತಾಗದ ಹಾಗಾಗಿತ್ತು. ಮಣೆಯ ಮೇಲೆ ಮತ್ತೆ ಹಸಿರು ಸೀರೆಯನ್ನೇ ಇಟ್ಟೆ. ಅಪ್ಪ ಪಕ್ಕದಲ್ಲಿ ಕೂತು ಸೀರೆಯ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದ. ನಾನು ಎಡೆ ಬಡಿಸುತ್ತಿರುವಾಗ ಕೇಳಿದ:

“ಅವತ್ತು ನಿಮ್ ದೊಡ್ಡವ್ವ ಅತ್ಳಲ್ಲ, ಆ ಚಿತ್ರದಾಗೆ ನಿಮ್ಮವ್ವ ಹೆಂಗಿದ್ಳು? ಹೇಳು, ನಾನು ನೋಡ್ಲಿಲ್ಲ.”

“ಎಡಗಣ್ಣು ಒಂದು ನೂಲು ಮ್ಯಾಲಿತ್ತಪ್ಪ” ಎಂದೆ. “ಕೆಳತುಟಿ ನಡುವೆ ಸಣ್ಣ ಸೀಳಿತ್ತು. ಗದ್ದ ಎರಡು ಬೆರಳು…”

“ಅವು ನಾನು ಹೇಳಿದ್ದಲ್ವೇನವ್ವ” ಎಂದ ಅಪ್ಪ. “ನೀನು ಕಂಡಿದ್ದು ಹೇಳು.”

ಬಡಿಸುವ ಸೌಟು ಕೈಯಲ್ಲೇ ಇತ್ತು. ಆ ಚಿತ್ರವನ್ನು ದಿನಗಟ್ಟಲೆ ಬಗ್ಗಿ ಕೂತು ಬರೆದಿದ್ದೆ, ಒಂದೊಂದು ಗೆರೆಯೂ ಗೊತ್ತಿತ್ತು. ದೊಡ್ಡವ್ವನಿಗೆ ಅದರಲ್ಲಿ ಕಂಡವಳು ನನಗೆ ಕಂಡೇ ಇರಲಿಲ್ಲ. ಅಪ್ಪ ನನ್ನ ದನಿ ಬಂದ ಕಡೆಗೆ ಮುಖ ಮಾಡಿಕೊಂಡು, ಎಡೆ ಆರಿಹೋಗುವವರೆಗೂ ಕಾಯುತ್ತ ಕೂತಿದ್ದ.