ನಳಿಗೆಯ ದನಿ

ನಮ್ಮ ತವರುಮನೆಯ ಬಂದೂಕನ್ನು ಆರಿಸಿದವಳು ನಾನು. ಈಗ ಹೀಗೆಂದರೆ ತಮ್ಮನ ಮಕ್ಕಳು ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ. ಅವತ್ತು ಅವರಪ್ಪನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ.

ಅಪ್ಪನಿಗೆ ಆಗ ಬಾತುಕೋಳಿ ಬೇಟೆಯ ಹುಚ್ಚು. ಪರವಾನಗಿ ತೆಗೆಸಿ ಹೊಡೆಯಬಹುದಾಗಿದ್ದ ಕಾಲ ಅದು. ಚಳಿ ಬಿದ್ದಿತೆಂದರೆ ಸವದತ್ತಿಯ ಹಿನ್ನೀರಿಗೆ ಹಕ್ಕಿಗಳು ಇಳಿಯುತ್ತಿದ್ದವು. ಬೈಲಹೊಂಗಲದ ಹತ್ತಿರದ ನಮ್ಮೂರಿನಿಂದ ಅಪ್ಪ ಮೋಟರ್‌ಸೈಕಲ್ ಮೇಲೆ ಹೋಗಿ ಬರಿಗೈಯಲ್ಲಿ ಮರಳುತ್ತಿದ್ದರು. ಅವರ ಬಂದೂಕಿನ ನಳಿಗೆ ಗಿಡ್ಡ, ನೀರಿನ ನಡುವೆ ಕುಳಿತ ಹಕ್ಕಿಯವರೆಗೆ ಅದರ ಗುಂಡು ಮುಟ್ಟುತ್ತಿರಲಿಲ್ಲ. ಉದ್ದ ನಳಿಗೆಯ ಹಳೆಯ ಜೋಡುನಳಿಗೆ ಬಂದೂಕು ಬೇಕು ಎಂದು ಹುಡುಕಿ ಹುಡುಕಿ, ಕಡೆಗೆ ಸವದತ್ತಿ ಕಡೆಯ ಊರೊಂದರ ವಾಡೆಯಲ್ಲಿ ಮಾರಾಟಕ್ಕಿವೆ ಎಂದು ತಿಳಿದುಕೊಂಡರು. ನನಗೆ ಅವತ್ತು ಸಾಲೆ ಸೂಟಿ. ಹಿಂದೆ ಹತ್ತಿ ಕುಳಿತೆ.

ವಾಡೆಯ ಯಜಮಾನ ಒಬ್ಬ ಮುದುಕಪ್ಪ. ಜಮಖಾನೆಯ ಮೇಲೆ ಎರಡು ಬಂದೂಕು ಇಟ್ಟ. ಎರಡೂ ಪರದೇಶದವು, ಎರಡೂ ಅವನ ಅಜ್ಜನ ಕಾಲದವು. ಒಂದರ ಮೈಮೇಲೆ ಬೆಳ್ಳಿಯ ಬಳ್ಳಿ, ಹಾರುವ ಬಾತುಕೋಳಿ, ಏನು ಕೆತ್ತನೆ, ಏನು ಕತೆ! ನಳಿಗೆಯಂತೂ ಕರ್ರಗೆ ಮಿಂಚುತ್ತಿತ್ತು. ಇನ್ನೊಂದು ಬೋಳು. ಅದರ ಹಿಡಿ ಸವೆದಿತ್ತು, ನಳಿಗೆ ಕಂದಿತ್ತು. ಅಪ್ಪನ ಕಣ್ಣು ಕೆತ್ತನೆಯದರ ಮೇಲಿಂದ ಕದಲಲೇ ಇಲ್ಲ.

ಸ್ವಚ್ಛ ಮಾಡಿ ತೋರಿಸಲೆಂದು ಮುದುಕಪ್ಪ ಎರಡರ ನಳಿಗೆಗಳನ್ನೂ ಬಿಚ್ಚಿದ. ನನಗೆ ಏನನ್ನಿಸಿತೋ, ಬೋಳು ಬಂದೂಕಿನ ಜೋಡುನಳಿಗೆಯನ್ನು ಅದರ ಬುಡದ ಕೊಕ್ಕೆಯಿಂದ ಬೆರಳಿಗೆ ತೂಗಿಹಾಕಿಕೊಂಡು ಬೆರಳ ಗಂಟಿನಿಂದ ಬಡಿದೆ. ಅವ್ವ ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಹೀಗೆಯೇ ಬಡಿದು ನೋಡುತ್ತಿದ್ದಳು, ಬಿರುಕು ಬಿಟ್ಟ ಗಡಿಗೆಯನ್ನು ಅವಳಿಗೆ ದಾಟಿಸಲು ಯಾರಿಗೂ ಆಗುತ್ತಿರಲಿಲ್ಲ. ನಳಿಗೆ ಠಣ್ಣೆಂದಿತು. ದನಿ ಬಹಳ ಹೊತ್ತು ನಿಂತಿತು.

"ಗಡಿಗಿ ತಗೊಳ್ಳಾಕ ಬಂದೀಯೇನ ತಂಗಿ?" ಎಂದು ಮುದುಕಪ್ಪ ನಕ್ಕ.

ಕೆತ್ತನೆಯದರ ನಳಿಗೆಯನ್ನೂ ತೂಗಿಹಾಕಿ ಬಡಿದೆ. ಠಪ್. ಅಷ್ಟೆ.

"ಅಪ್ಪಾ, ಇದು ಒಡದೈತ್ರಿ," ಅಂದೆ.

ಮುದುಕಪ್ಪನ ನಗು ಇಳಿಯಿತು. ಸುಳ್ಳು ಹೇಳುವ ಜಾತಿಯವನಲ್ಲ ಅವನು, ಹೇಳದೆ ಮುಚ್ಚಿಟ್ಟಿದ್ದ ಅಷ್ಟೆ. "ನನ್ನ ತಮ್ಮ ಅನ್ನೂ ಶ್ಯಾಣ್ಯಾನ ಕೆಲಸ ಇದು. ಕರ್ರಗ ಮಿಂಚಲಿ ಅಂತ ಮಿಸ್ತ್ರಿ ಕಡೆ ಕೊಟ್ಟು ಕಾಸ್ಟಿಕ್ ನೀರಾಗ ಕುದಿಸ್ಕೊಂಡ ಬಂದ. ಎರಡು ನಳಿಗಿ ಕೂಡಿಸಿದ ಬೆಸಿಗಿ ತವರದ್ದಿರತೈತಿ. ಕಾಸ್ಟಿಕ್ ಅದನ್ನ ತಿಂದ ಹಾಕೇತಿ. ಗ್ವಾಡಿಗೆ ಹಾಕಾಕ ಚಲೋ, ಹೊಡ್ಯಾಕ ಬರೂದಿಲ್ಲ," ಅಂದ.

ಅಪ್ಪ ಬೋಳು ಬಂದೂಕು ತೆಗೆದುಕೊಂಡರು. ವಾಡೆಯ ಬಾಗಿಲಲ್ಲಿ ನಿಂತು ಮುದುಕಪ್ಪನ ಎದುರಿಗೇ ಅಂದರು: "ಈ ಬಂದೂಕ ನಿಂದ ನೋಡವ್ವಾ. ನಾ ಇರೂತನಕ ನಂದು, ಆಮ್ಯಾಲ ನಿಂದು." ಈ ಮಾತನ್ನು ನಾನು ನಂಬಿದೆ. ಇಷ್ಟು ವರ್ಷ ನಂಬಿಯೇ ಇದ್ದೆ, ಮಳ್ಳಿ.

ನಾಲ್ಕೈದು ಚಳಿಗಾಲ ಅಪ್ಪನ ಜೊತೆ ಹಿನ್ನೀರಿಗೆ ಹೋದೆ. ಜೋಳದ ಹೊಲದ ಬದುವಿನಲ್ಲಿ ಮಂಡಿಯೂರಿ ಕೂತು ಬಂದೂಕಿಗೆ ತುಂಬುವ ತೋಟಾ ಎತ್ತಿಕೊಡುವುದು ನನ್ನ ಕೆಲಸ. ಆಮೇಲೆ ಕಾಯ್ದೆ ಬಂದು ಬೇಟೆ ಪೂರ್ತಿ ಬಂದಾಯಿತು. ಬಂದದ್ದು ಒಳ್ಳೆಯದೇ. ಆದರೆ ಬಂದೂಕು ಮನೆಯಲ್ಲಿ ಉಳಿಯಿತು. ಇಲೆಕ್ಷನ್ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ತಂದ ಮೇಲೆ ಅಪ್ಪ ನನ್ನ ಗಂಡನ ಮನೆಗೆ, ರಾಮದುರ್ಗ ತಾಲೂಕಿನ ಕಟಕೋಳಕ್ಕೆ ಫೋನು ಮಾಡುತ್ತಿದ್ದರು: "ಬಂದು ಒಮ್ಮಿ ಬಡದ ನೋಡವ್ವಾ." ಖಂಡೇನವಮಿಯ ಪೂಜೆಗೆ ಕುಡಗೋಲು, ಕೊಡಲಿಗಳ ಜೊತೆ ಬಂದೂಕು ಇಡುವ ಮೊದಲೂ ನಾನೇ ಬಡಿಯಬೇಕು. ಠಣ್ಣೆಂದರೆ ಅಪ್ಪ ತಲೆಯಾಡಿಸುತ್ತಿದ್ದರು. ಅಷ್ಟಕ್ಕಾಗಿ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ.

ಮೂರು ವರ್ಷದ ಹಿಂದಿನ ಖಂಡೇನವಮಿಗೆ ಹೋದಾಗ, ಬಡಿದು ಕೆಳಗಿಡುವುದರೊಳಗೆ ತಮ್ಮ ಒಂದು ಕಾಗದ ಮುಂದೆ ಹಿಡಿದ. ವಯಸ್ಸಾದವರು ಬದುಕಿರುವಾಗಲೇ ಬಂದೂಕನ್ನು ವಾರಸುದಾರರಿಗೆ ಕೊಡಬಹುದಂತೆ, ಉಳಿದ ಮಕ್ಕಳು ತಕರಾರಿಲ್ಲ ಎಂದು ಸಹಿ ಮಾಡಬೇಕಂತೆ. ವಾರಸುದಾರನ ಜಾಗದಲ್ಲಿ ಅವನ ಹೆಸರು. ಬರೆದದ್ದು ಅಪ್ಪನ ಕೈ, ಆ ದುಂಡನೆಯ ಅಕ್ಷರ ನನಗೆ ಗೊತ್ತಿಲ್ಲವೇ?

ನಾನು ಅಪ್ಪನ ಮುಖ ನೋಡಿದೆ. "ನೀ ಕೊಟ್ಟ ಮನಿಯಾಕಿ ಅವ್ವಾ. ಬಂದೂಕ ಮನ್ಯಾಗ ಇರಬೇಕು," ಅಂದರು. ವಾಡೆಯ ಬಾಗಿಲಲ್ಲಿ ಆಡಿದ ಮಾತು ನೆನಪಿದೆಯೋ ಎಂದು ಕೇಳಬೇಕಿತ್ತು. ಹಬ್ಬದ ಮನೆ, ನೆಂಟರು ತುಂಬಿದ್ದರು. ಪಟಾಕಿ ಹಾರಿದರೆ ಎರಡೂ ಕಣ್ಣು ಮುಚ್ಚುವ ನನ್ನ ತಮ್ಮನಿಗೆ ಬಂದೂಕು! ಸಹಿ ಮಾಡಿದೆ. ಹೋಳಿಗೆ ತಿನ್ನದೆ ಬಸ್ಸು ಹತ್ತಿದೆ.

ಹೋದ ವರ್ಷ ತಮ್ಮನ ಫೋನು ಬಂತು. ಊರ ಸುದ್ದಿಯೆಲ್ಲ ಮುಗಿದ ಮೇಲೆ ಅಂದ: "ಅಕ್ಕಾ, ಬಂದೂಕಿನ ನಳಿಗಿ ಭಾಳ ಮಾಸ್ಯಾವ. ಒಬ್ಬ ಮಿಸ್ತ್ರಿ ಸಿಕ್ಕಾನ. ಕಾಸ್ಟಿಕ್ ನೀರಾಗ ಕುದಿಸಿ ಹೊಸಾದರಂಗ ಕರ್ರಗ ಮಾಡ್ತಾನಂತ. ನಾಳೆ ಒಯ್ದ ಕೊಡಾಕ ಹತ್ತೇನಿ, ಅಪ್ಪಗ ಇನ್ನೂ ಹೇಳಿಲ್ಲ."

ಆ ಮುದುಕಪ್ಪನ ಜಮಖಾನೆ, ಆ ಠಪ್ಪೆನ್ನುವ ದನಿ, ಎಲ್ಲ ಕಣ್ಣ ಮುಂದೆ ಬಂತು. ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ಆತು, ಕೊಡಪಾ," ಅಂದೆ.

ಆಮೇಲೆ ಬಂದ ಖಂಡೇನವಮಿಗೆ ಕರೆಯದೆಯೇ ಹೋದೆ. ಪೂಜೆಯ ಜಾಗದಲ್ಲಿ ಬಂದೂಕು ಕರ್ರಗೆ ಮಿಂಚುತ್ತಿತ್ತು, ವಿಭೂತಿ ಎದ್ದು ಕಾಣುತ್ತಿತ್ತು. ಬಂದವರೆಲ್ಲ ಭೇಷ್ ಭೇಷ್ ಎನ್ನುತ್ತಿದ್ದರು, ತಮ್ಮ ಮೀಸೆ ತಿರುವುತ್ತ ನಿಂತಿದ್ದ. ಅಪ್ಪನ ಕಿವಿ ಈಗ ಮಂದ. ನಳಿಗೆ ಬಿಚ್ಚಿಸಿ ತಾವೇ ಕೊಕ್ಕೆಯಿಂದ ಬೆರಳಿಗೆ ತೂಗಿಹಿಡಿದು, "ಬಡದ ಹೇಳವ್ವಾ, ನನಗ ಕೇಳಸೂದಿಲ್ಲ," ಅಂದರು.

ಬಡಿದೆ. ಠಪ್.

ನಾನು ಹೇಳಬೇಕಾಗಲಿಲ್ಲ. ಕಿವಿಗೆ ಕೇಳದ್ದು ಅವರ ಬೆರಳಿಗೆ ಗೊತ್ತಾಯಿತು. ಇನ್ನೊಮ್ಮೆ ಬಡಿ ಎಂದು ಸನ್ನೆ ಮಾಡಿದರು. ಬಡಿದೆ. ನಳಿಗೆಯನ್ನು ಮೆಲ್ಲಗೆ ತೊಡೆಯ ಮೇಲೆ ಇಳಿಸಿಕೊಂಡರು. ತಮ್ಮನ ಕಡೆ ನೋಡಿ, "ಇದಕ್ಕ ಇನ್ನ ತೋಟಾ ಹಾಕಬ್ಯಾಡ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಾಸ್ಟಿಕ್ ಏನ ಮಾಡತೈತಿ ಅಂತ ನಿನಗ ಗೊತ್ತಿತ್ತಲ್ಲವ್ವಾ. ನೀನರ ಇವಗ ಹೇಳಬಾರದಿತ್ತೇನು?"

ಸಹಿ ಮಾಡಿದ ದಿನದಿಂದ ಕಾದಿದ್ದ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು. ಮಂದ ಕಿವಿಗೂ ಕೇಳುವಷ್ಟು ಜೋರಾಗಿ ಅಂದೆ: "ನನ್ನ ಸಹಿ ಕೇಳಿದ್ರಿ ಅಪ್ಪಾ. ನನ್ನ ಮಾತ ಯಾವಾಗ ಕೇಳಿದ್ರಿ?"

ಅಪ್ಪ ತಲೆ ತಗ್ಗಿಸಿದರು, ತಮ್ಮನೂ ತಗ್ಗಿಸಿದ. ತಪ್ಪೆಲ್ಲ ತಮ್ಮದೇ ಎಂದುಕೊಂಡರು ಇಬ್ಬರೂ. ನನ್ನ ಆ "ಆತು, ಕೊಡಪಾ" ತಮ್ಮನಿಗೆ ನೆನಪಿತ್ತೋ ಇಲ್ಲವೋ, ಅವನು ಅದನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.