ಕಾರ್ತಿಕ ಸೋಮವಾರದ ವಿಲಾಯತಿ ಗೆಡ್ಡೆ

ನಮ್ಮಪ್ಪ ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಮೊಹರು ಒತ್ತಿದ ಕಾಗದ ಎಂದರೆ ಅವನಿಗೆ ದೇವರ ಅಪ್ಪಣೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಕಾಳುಕಡಿ ಸಿಗದಂತಾಗಿ, ಹಿತ್ತಲಲ್ಲಿ ಏನಾದರೂ ಬೆಳೆದುಕೊಳ್ಳಿರೆಂದು ಮೇಲಿನಿಂದ ಹುಕುಂ ಬಂತು. ಉಳಿದ ಗುಮಾಸ್ತರೆಲ್ಲ ಅದಕ್ಕೆ ಸಹಿ ಹಾಕಿ ಕಡತಕ್ಕೆ ಸೇರಿಸಿದರು. ನಮ್ಮಪ್ಪನೊಬ್ಬ ಅದನ್ನು ಓದಿದ. ಓದಿ, ರಾಯಚೂರಿಗೆ ಹೋಗಿ, ಯಾವುದೋ ಬಂಗಲೆಯ ಮಾಲಿಯ ಕೈಕಾಲು ಹಿಡಿದು ಒಂದು ಸಣ್ಣ ಚೀಲ ಗೆಡ್ಡೆ ತಂದ.

ಬಾವು ಬಂದ ಶುಂಠಿಯ ಹಾಗಿದ್ದವು ಅವು. ಹೆಸರು ಜೆರುಸಲೇಂ ಆರ್ಟಿಚೋಕ್ ಎಂದು ಚೀಟಿ ನೋಡಿ ಅಪ್ಪ ಮೂರು ಸಲ ಹೇಳಿದ. ನಾಲಿಗೆ ಮೂರು ಸಲವೂ ಕೈಕೊಟ್ಟಿತು. ಅಪ್ಪನ ತಾಯಿ, ನಮ್ಮಜ್ಜಿ, "ವಿಲಾಯತಿ ಗೆಡ್ಡಿ ಅನ್ನು, ಸಾಕು" ಎಂದಳು. ಅಲ್ಲಿಗೆ ನಾಮಕರಣ ಮುಗಿಯಿತು.

ಹುರುಪು ಅಪ್ಪನದು, ಕೆಲಸ ನನ್ನದು. ಮುಂಗಾರಿನ ಮಿರಗದ ಮಳೆ ಬಿದ್ದ ಮೇಲೆ ಬಚ್ಚಲು ನೀರು ಹರಿಯುವ ಮಗ್ಗುಲಲ್ಲಿ ನೆಲ ಅಗೆದು, ಗೇಣಿಗೊಂದರಂತೆ ಗೆಡ್ಡೆ ಊರಿದೆ. ಮೂರು ತಿಂಗಳಲ್ಲಿ ಗಿಡಗಳು ನನ್ನ ತಲೆ ಮೀರಿ ಬೆಳೆದು, ಗೋಡೆಯಾಚೆಯ ಓಣಿಯನ್ನು ಇಣುಕಿ ನೋಡತೊಡಗಿದವು. ಎಲೆ ಮುಟ್ಟಿದರೆ ಕೈ ತರಚುತ್ತಿತ್ತು. ಗುರೆಳ್ಳಿನ ಹೂವನ್ನು ಅಗಲ ಮಾಡಿದಂಥ ಹಳದಿ ಹೂ. ಸಂಜೆ ಅಪ್ಪ ಟೊಪ್ಪಿಗೆ ತೆಗೆಯದೆ ಅವುಗಳ ನಡುವೆ ನಿಂತು, ಹೋಗಿಬರುವವರಿಗೆಲ್ಲ, "ಸಾಹೇಬರು ತಿನ್ನೂ ಗೆಡ್ಡಿರೀ ಇವು" ಎನ್ನುತ್ತಿದ್ದ. ಸಾಹೇಬರು ಅದನ್ನು ತಿಂದು ಏನಾದರು ಎಂದು ಯಾರೂ ಕೇಳಲಿಲ್ಲ.

ನಾವೂ ತಿಂದು ನೋಡುವಂತಿರಲಿಲ್ಲ. ಹಿತ್ತಲಲ್ಲಿ ಯಾವುದೇ ಗಿಡ ಮೊದಲ ಸಲ ಫಲ ಕೊಟ್ಟರೆ ಅದು ಮಠಕ್ಕೆ ಹೋಗಬೇಕು, ಇಲ್ಲವೇ ಮನೆಗೆ ಬಂದ ಅತಿಥಿಯ ಎಲೆಗೆ ಬೀಳಬೇಕು. ಅದಕ್ಕೂ ಮೊದಲು ಮನೆಯವರ ಬಾಯಿಗೆ ಹೋಗಕೂಡದು. ಇದು ಅಜ್ಜಿಯ ಕಾಯಿದೆ. ಹಿಂದೊಮ್ಮೆ ಬಳ್ಳಿಯ ಮೊದಲ ಸವತೆಕಾಯಿ ಕಚ್ಚಿದೆನೆಂದು ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದವಳು ಅವಳು. ಉಪವಾಸದ ದಿನ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದಕ್ಕೂ ಓಣಿಗೆ ಅವಳೇ ನ್ಯಾಯಾಧೀಶೆ. ಶೇಂಗಾ ನಡೆಯುತ್ತದೆ, ಹುರಿಗಡಲೆ ನಡೆಯುವುದಿಲ್ಲ ಎಂದು ಅವಳು ಅಂದರೆ, ಯಾಕೆ ಎಂದು ಕೇಳುವ ಎದೆ ಯಾರಿಗೂ ಇರಲಿಲ್ಲ.

ಗಿಡಗಳು ಒಣಗುವ ಹೊತ್ತಿಗೆ ಅಪ್ಪ ರಾಯಚೂರಿನಿಂದ ಇನ್ನೊಂದು ವಸ್ತುವನ್ನು ಹುಡುಕಿ ತಂದ. ನನಗೆ ಗಂಡು. ನನಗಾಗ ಹದಿನೆಂಟು, ಓಣಿಯ ಲೆಕ್ಕದಲ್ಲಿ ತಡವಾಗಿಬಿಟ್ಟಿತ್ತು. ಗಂಡಿಗೆ ಎಣ್ಣೆ ಗಿರಣಿ ಇತ್ತು, ಎರಡು ಅಂತಸ್ತಿನ ಮನೆ ಇತ್ತು, ನನಗಿಂತ ದೊಡ್ಡವನಾದ ಮಗನಿದ್ದ. ಇಬ್ಬರು ಹೆಂಡಂದಿರು ಇದ್ದು, ತೀರಿಕೊಂಡಿದ್ದರು. ಅಪ್ಪ ಈ ಪಟ್ಟಿಯನ್ನು ಗಿರಣಿಯಿಂದ ಶುರುಮಾಡಿ ಅಂತಸ್ತಿಗೆ ನಿಲ್ಲಿಸುತ್ತಿದ್ದ. ಅವ್ವನಿಗೆ ಅಪ್ಪನ ಮುಂದೆ ಬಾಯಿಲ್ಲ. ಎಂಟು ವರ್ಷದ ತಂಗಿಗೆ ಮಾತ್ರ ಮದುವೆ ಎಂದರೆ ಸಂಭ್ರಮ.

ನಾನು ಅಜ್ಜಿಯ ಹತ್ತಿರ ಹೋಗಿ, "ನನಗ ಈ ಸಂಬಂಧ ಬ್ಯಾಡ. ಅವರ ಮನಿಗೆ ಹೋದ್ರ ನಾ ಸಾಯ್ತೀನಿ" ಎಂದೆ. ಆ ವಾರವೆಲ್ಲ ನಾನು ಅನ್ನ ಕಂಡರೆ ಅಳುತ್ತಿದ್ದೆ. ಅಜ್ಜಿ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಮಪ್ಪ ಮಾತು ಕೊಟ್ಟಾನ. ಬ್ಯಾಡ ಅನ್ನಾಕ ನಾವ್ಯಾರು?" ಎಂದಳು. ಇನ್ನೊಂದು ಬತ್ತಿ ಹೊಸೆದು, "ಗೆಡ್ಡಿ ಬಲಿತಾವೇನು?" ಎಂದು ಕೇಳಿದಳು. ನನ್ನ ಬದುಕು ಬೀದಿಗೆ ಬಿದ್ದಿರುವಾಗ ಮುದುಕಿಗೆ ಗೆಡ್ಡೆಯ ಚಿಂತೆ ಎಂದು ನನಗೆ ಸಿಟ್ಟು ಬಂದು ಎದ್ದುಹೋದೆ. ಮರುದಿನ ಅಜ್ಜಿ ಹೊಟ್ಟೆ ಸರಿಯಿಲ್ಲವೆಂದು ಅಜವಾನದ ನೀರು ಕುಡಿದು, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಸಿಟ್ಟಿನಲ್ಲಿದ್ದ ನಾನು ಹೋಗಿ ವಿಚಾರಿಸಲೂ ಇಲ್ಲ.

ಗಿರಣಿಗೆ ಸೋಮವಾರ ಸೂಟಿ. ಹೀಗಾಗಿ ಸಾವುಕಾರರು ತಮ್ಮ ಅಕ್ಕನೊಡನೆ ಕಾರ್ತಿಕ ಸೋಮವಾರವೇ ಹೆಣ್ಣು ನೋಡಲು ಬಂದರು. ಇಬ್ಬರದೂ ಉಪವಾಸ. ಓಣಿಯ ನಾಲ್ವರು ಹಿರಿಯರು ಸಾಕ್ಷಿಗೆಂದು ಬಂದಿದ್ದರು, ಅವರದೂ ಉಪವಾಸ. ಉಪ್ಪಿಟ್ಟು ಮಾಡುವಂತಿಲ್ಲ, ಏನು ಬಡಿಸುವುದು ಎಂದು ಅಪ್ಪ ಪೇಚಾಡತೊಡಗಿದಾಗ ಅಜ್ಜಿ ತೀರ್ಪು ಕೊಟ್ಟಳು.

"ಅಕ್ಕಿ ಅಲ್ಲ, ಕಾಳಲ್ಲ, ನೆಲದಾಗಿನ ಗೆಡ್ಡಿ. ಗೆಣಸು ನಡೀತದಂದ್ರ ಇದೂ ನಡೀತದ. ಹೊಸ ಫಲ, ಬಂದವರ ಬಾಯಿಗೇ ಬೀಳಲಿ."

ಅಪ್ಪನಿಗೆ ಸ್ವರ್ಗ ಮೂರೇ ಗೇಣು. ನಾನೂ ಅವ್ವನೂ ಗೆಡ್ಡೆ ಕಿತ್ತು, ಆ ಗಂಟುಗಳ ಸಂದಿನ ಮಣ್ಣು ಕೆರೆದು ಕೆರೆದು ತೊಳೆದೆವು. ಅರ್ಧವನ್ನು ಬೇಯಿಸಿ ಬೆಲ್ಲ, ಏಲಕ್ಕಿ ಹಾಕಿದೆವು. ಉಳಿದರ್ಧಕ್ಕೆ ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ, ಶೇಂಗಾಪುಡಿ. ರುಚಿ ನಿಜಕ್ಕೂ ಚೆನ್ನಾಗಿತ್ತಂತೆ. ಬಂದವರ ಜೊತೆ ಅಪ್ಪನೂ ಕೂತು ತಿಂದ; ಸಾವುಕಾರರು ಮೂರು ಸಲ ಹಾಕಿಸಿಕೊಂಡರು. ಅಜ್ಜಿ ಬಾಗಿಲಲ್ಲಿ ನಿಂತು, "ಇನ್ನಷ್ಟು ಹಾಕ್ರಿ, ಮುಂಜಾನಿಂದ ಹಸಿದಾರ" ಎಂದು ಉಪಚಾರ ಮಾಡುತ್ತಿದ್ದಳು. ತನ್ನದು ಈ ಸೋಮವಾರ ನಿರಾಹಾರವೆಂದು ತಾನು ನೀರಷ್ಟೇ ಕುಡಿದಳು. ಹೆಣ್ಣು ತೋರಿಸಲು ನಾಲ್ಕು ಗಂಟೆಯ ಮೇಲೆ ಗಳಿಗೆ ಚಲೋ ಇದೆ, ಅಲ್ಲಿಯತನಕ ಆರಾಮ ಮಾಡಿರಿ ಎಂದವಳೂ ಅವಳೇ.

ನಾಲ್ಕಕ್ಕೆ ನನ್ನನ್ನು ತಂದು ಚಾಪೆಯ ಮೇಲೆ ಕೂಡಿಸಿದರು. ಎದುರಿಗೆ ಗಾದಿಯ ಮೇಲೆ, ಲೋಡಿಗೆ ಒರಗಿ ಸಾವುಕಾರರು. ಹಣೆತುಂಬ ವಿಭೂತಿ. ನನ್ನನ್ನು ಒಂದು ಸಲ ನೋಡಿ, ಸರಕು ಅಡ್ಡಿಯಿಲ್ಲ ಎನ್ನುವಂತೆ ತಲೆ ಆಡಿಸಿ, ತಮ್ಮ ಖಾನದಾನದ ವಿಚಾರಕ್ಕೆ ಇಳಿದರು. ಅಜ್ಜನ ಎತ್ತಿನ ಗಾಣದಿಂದ ಹೊರಟು ತಂದೆಯವರ ಕಾಲಕ್ಕೆ ಬಂದಾಗ, ಯಾರದೋ ಹೊಟ್ಟೆಯಲ್ಲಿ ಬಂಡಿ ಉರುಳಿದಂತೆ ಸದ್ದಾಯಿತು. ಹಿರಿಯರೊಬ್ಬರು ಜಂತಿ ನೋಡತೊಡಗಿದರು. ಇನ್ನೊಂದು ಹೊಟ್ಟೆ ಇದಕ್ಕೆ ಉತ್ತರ ಕೊಟ್ಟಿತು. ಅಕ್ಕನವರು ಸೆರಗು ಮೂಗಿಗೆ ಹಿಡಿದರು. ಅಪ್ಪ ಕೂತಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, "ಹೊರಗ ಎಮ್ಮಿ ಅದರೀ" ಎಂದ. ನಮ್ಮ ಎಮ್ಮೆ ಆ ಹೊತ್ತಿಗೆ ಹಳ್ಳದ ಕಡೆ ಮೇಯಲು ಹೋಗಿತ್ತು. ಮೊದಲು ಎದ್ದವನೇ ಕಳ್ಳ ಎನ್ನಿಸಿಕೊಳ್ಳುವ ಭಯಕ್ಕೆ ಯಾರೂ ಏಳಲಿಲ್ಲ. ಮರ್ಯಾದೆ ಎಂಬುದು ನಮ್ಮ ಜನಕ್ಕೆ ಎಂಥ ಕಷ್ಟ ಕೊಡುತ್ತದೆ ಎಂದು ಅಂದು ನೋಡಿದೆ.

ಸಾವುಕಾರರು ಧೈರ್ಯವಂತರು, ಮಾತು ಬಿಡಲಿಲ್ಲ. "ನಮ್ಮ ಗಿರಣಿ ಇಂಜಿನ್ ಚಾಲೂ ಆತಂದ್ರ ಅರ್ಧ ರಾಯಚೂರಿಗೆ ಕೇಳಿಸ್ತದ" ಎಂದು ಗತ್ತಿನಿಂದ ಲೋಡು ಬಿಟ್ಟು ಮುಂದೆ ಬಾಗಿದರು. ಬಾಗಿದ್ದೇ ತಪ್ಪಾಯಿತು. ಇಂಜಿನ್ ಚಾಲೂ ಆಯಿತು.

ತಗ್ಗಿಸಿದ ತಲೆ ಎತ್ತಬಾರದೆಂದು ನನಗೆ ಎಲ್ಲರೂ ಹೇಳಿಕೊಟ್ಟಿದ್ದರು. ನಗು ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ, ತುಟಿ ಕಚ್ಚಿಕೊಂಡೆ. ಆಗಲಿಲ್ಲ. ವಾರದ ಅಳುವೆಲ್ಲ ನಗೆಯಾಗಿ ಹೊರಬಿತ್ತು. ಕಣ್ಣೀರು ಬರುವವರೆಗೆ ನಕ್ಕೆ.

ಅಕ್ಕನವರು ಎದ್ದು ನಿಂತರು. "ನಡಿ ತಮ್ಮಾ. ನಗೂ ಹುಡುಗಿ ನಮ್ಮ ಮನಿತನಕ್ಕ ಆಗೂದಿಲ್ಲ" ಎಂದರು. ಸಾವುಕಾರರು ಎಲೆಯಡಿಕೆಯನ್ನೂ ಮುಟ್ಟದೆ, ಬೇಗ ಬೇಗ, ಆದರೆ ಬಹಳ ಜೋಪಾನವಾಗಿ ಹೆಜ್ಜೆಯಿಡುತ್ತ ಹೋದರು.

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಪ್ಪನ ಸಿಟ್ಟು ಮಾತ್ರ ಅಜ್ಜಿಯ ಮೇಲೆ ತಿರುಗಿತು. "ನೀ ನಡೀತದ ಅಂದಿ, ನನ್ನ ಮಾನ ಹೋತು" ಎಂದು ಕೂಗಾಡಿದ. ಓಣಿಯ ಹೆಂಗಸರೂ ಉಪವಾಸದ ಮಾತಿಗೆ ಅವಳ ಹತ್ತಿರ ಬರುವುದನ್ನು ನಿಲ್ಲಿಸಿದರು. ನಲವತ್ತು ವರ್ಷ ಕಟ್ಟಿಕೊಂಡ ಹೆಸರು ಒಂದು ಮಧ್ಯಾಹ್ನದಲ್ಲಿ ಹೋಯಿತು. ಅವಳು ಬತ್ತಿ ಹೊಸೆಯುತ್ತ ಕೂತಳು. ನನಗೆ ತಡೆಯಲಾಗದೆ, "ನಿನಗರ ಏನ್ ಗೊತ್ತಿತ್ತು ಯಮ್ಮಾ, ಯಾರೂ ತಿಂದು ನೋಡಿರಲಿಲ್ಲಲ್ಲ" ಎಂದು ಸಮಾಧಾನ ಹೇಳಲು ಹೋದೆ.

"ನಾ ತಿಂದು ನೋಡಿದ್ದೆ" ಎಂದಳು ಅಜ್ಜಿ. "ಐದು ದಿನ ಮೊದಲ. ಇಡೀ ದಿನ ಮಲಗಿದ್ದೆನಲ್ಲ, ಮತ್ಯಾಕಂತಿ? ಮೊದಲನೇ ಫಲ, ದೇವರಿಗಿಂತ ಮೊದಲ. ಅವಗ ನಾ ಉತ್ತರ ಕೊಟ್ಕೋತೀನಿ."

ಸವತೆಕಾಯಿಗೆ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿದವಳು ಇವಳು.

ಅಪ್ಪ ಗಿಡಗಳನ್ನೆಲ್ಲ ಬುಡಸಮೇತ ಕೀಳಿಸಿದ. ಎರಡು ವರ್ಷದ ನಂತರ ನನ್ನ ಮದುವೆ ಮಾನ್ವಿಯ ಒಬ್ಬ ಶಾಲಾ ಮಾಸ್ತರರೊಂದಿಗೆ ಆಯಿತು; ನಗುವ ಹುಡುಗಿ ಅವರಿಗೆ ನಡೆಯುತ್ತಿತ್ತು. ಹೊರಡುವ ದಿನ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು, ಗೋಡೆಯ ಮೂಲೆಯಲ್ಲಿ ಹೊಸದಾಗಿ ಎದ್ದಿದ್ದ ಆರು ಗಿಡ ತೋರಿಸಿದಳು. ಅಪ್ಪ ಕೀಳಿಸಿದಾಗ ನೆಲದಲ್ಲಿ ಉಳಿದ ಗೆಡ್ಡೆಗಳನ್ನು ಹೆಕ್ಕಿ ಅಲ್ಲಿ ಊರಿದವಳು ಅವಳೇ.

"ಮತ್ತ ಯಾಕ ಯಮ್ಮಾ?" ಎಂದು ಕೇಳಿದೆ.

"ನಿನ್ನ ತಂಗಿ ಅದಾಳಲ್ಲ" ಎಂದಳು.