ಪದ್ಮಮ್ಮನವರ ಪಾಲಿನ ಸಾಲು

ಆಗ ನಮ್ಮ ಕ್ವಾರ್ಟರ್ಸಿಗೆ ಕಾಂಪೌಂಡ್ ಗೋಡೆ ಇರಲಿಲ್ಲ, ಜಾಲರಿಯ ಬೇಲಿ ಮಾತ್ರ. ಸಿ.ವಿ. ರಾಮನ್ ನಗರದ ಕಡೆ, ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕಾಲೋನಿ ಅದು. ಡಿಸೆಂಬರ್ ಬಂತೆಂದರೆ ಪ್ರತಿ ಅಡುಗೆಮನೆಯಿಂದಲೂ ಅವರೆಕಾಳಿನ ಸಾರಿನ ವಾಸನೆ, ಪ್ರತಿ ಅಂಗಳದಲ್ಲೂ ಜನವರಿಯ ತೋಟದ ಸ್ಪರ್ಧೆಗೆ ತಯಾರಿ. ನಮಗೆ ಶಾಲೆಯ ಪರೀಕ್ಷೆ ಹೇಗೋ ಅಪ್ಪಂದಿರಿಗೆ ಅದು ಹಾಗೆ.

ನಮ್ಮಪ್ಪ ಎರಡು ವರ್ಷ ಸ್ಪರ್ಧೆಗೆ ನಿಂತು ಬರಿಗೈಯಲ್ಲಿ ಉಳಿದಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ದಸರಾ ಮುಗಿದ ಮೇಲೆ, ಶಿವಾಜಿನಗರಕ್ಕೆ ಹೋಗಿ ಬೀಜದಂಗಡಿಯ ಸಾಹೇಬರಿಂದ ಒಂದು ಪೊಟ್ಟಣ ತಂದರು.

"ಸ್ವೀಟ್ ಪೀ ಅಂತ. ಬಟಾಣಿ ಥರಾನೇ ಬಳ್ಳಿ, ಆದ್ರೆ ತಿನ್ನೋ ಹಾಗಿಲ್ಲ. ಹೂವಿಗೆ ಮಾತ್ರ," ಎಂದರು.

"ತಿನ್ನೋಕಾಗದ ಬಟಾಣಿಗೆ ಇಷ್ಟೊಂದು ಗೊಬ್ಬರನಾ?" ಎಂದು ಕೇಳಿ ಅಮ್ಮ ಒಳಗೆ ಹೋದರು.

ನೆನೆಸಿದ ಬೀಜವನ್ನು ಅಪ್ಪ ಎರಡು ಸಾಲಾಗಿ ಹಾಕಿದರು. ಒಂದು ವರಾಂಡದ ಮೆಟ್ಟಿಲ ಪಕ್ಕ, ಇನ್ನೊಂದು ರಸ್ತೆಯ ಬೇಲಿಗೆ. ದಾರ ಕಟ್ಟಿ ಬಳ್ಳಿ ಹಬ್ಬಿಸುವ ಕೆಲಸ ನನ್ನದು. ಡಿಸೆಂಬರ್ ಮುಗಿಯುವ ಹೊತ್ತಿಗೆ ಹೂ ಬಿಟ್ಟವು, ಗುಲಾಬಿ, ನೇರಳೆ, ಬಿಳಿ. ಜೇನುತುಪ್ಪದ ಬಾಟಲಿಯ ಮುಚ್ಚಳ ತೆಗೆದಂಥ ಪರಿಮಳ. ಅದಕ್ಕೆ ಮೂಗಿಟ್ಟು ನಿಂತು ಎರಡು ಸಲ ಸ್ಕೂಲ್ ಬಸ್ಸು ತಪ್ಪಿಸಿಕೊಂಡಿದ್ದೇನೆ. ಸ್ಪರ್ಧೆ ಮುಗಿಯುವವರೆಗೆ ಒಂದು ಹೂವನ್ನೂ ಯಾರೂ ಮುಟ್ಟಕೂಡದೆಂದು ಅಪ್ಪನ ಅಪ್ಪಣೆಯಾಯಿತು. ಬೆಳಿಗ್ಗೆ ಅವರು ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ಕಾವಲು ನನ್ನದು.

ಕಾವಲು ಬೇಕಾದದ್ದು ಎದುರುಮನೆಯ ಪದ್ಮಮ್ಮನವರಿಂದ. ಪೂಜೆಗೆ ಹೂ ಕೀಳುವುದನ್ನು ಕಳ್ಳತನವೆಂದು ಅವರು ಒಪ್ಪುತ್ತಲೇ ಇರಲಿಲ್ಲ. ತಲೆಗೆ ಮಫ್ಲರು, ಒಂದು ಕೈಯಲ್ಲಿ ಹೂಬುಟ್ಟಿ, ಇನ್ನೊಂದರಲ್ಲಿ ಕೊಂಬೆ ಬಗ್ಗಿಸಲು ಕೊಡೆ. ಬೀದಿಯ ದಾಸವಾಳವೆಲ್ಲ ಅವರ ಬುಟ್ಟಿಗೇ. ಮೊದಲ ದಿನವೇ ನಮ್ಮ ಬೇಲಿಯ ಸಾಲಿಗೆ ಕೈ ಹಾಕಿದರು.

"ಅಜ್ಜಿ, ಕೀಳ್ಬೇಡಿ. ಅಪ್ಪ ಬೈತಾರೆ."

"ದೇವ್ರಿಗೆ ಕಣೇ. ನಿಮ್ಮಪ್ಪ ದೇವ್ರಿಗಿಂತ ದೊಡ್ಡೋನಾ?"

"ಇದು ಇಂಗ್ಲಿಷ್ ಹೂ. ದೇವ್ರಿಗೆ ಆಗಲ್ಲ."

"ನಮ್ಮ ದೇವ್ರಮನೆ ಕೃಷ್ಣನ್ನ ಇಂಗ್ಲಿಷ್ನೋರಿದ್ದ ಹಲಸೂರಿಂದ ತಂದಿದ್ದು. ಅವ್ನಿಗೆ ಎಲ್ಲಾ ಭಾಷೆ ಬರುತ್ತೆ. ಬಾಯಿ ತೆಗಿ ನೀನು."

ಬಾಯಿಗೆ ಬಿದ್ದದ್ದು ಕೊಬ್ಬರಿ ಮಿಠಾಯಿ. ಅಲ್ಲಿಗೆ ಒಪ್ಪಂದವಾಯಿತು. ಬೇಲಿಯ ಸಾಲು ಅವರದು, ಮೆಟ್ಟಿಲ ಸಾಲು ನಮ್ಮದು, ದಿನಕ್ಕೊಂದು ಮಿಠಾಯಿ ನನ್ನದು. ಬಾಯಿ ಸಿಹಿಯಾಗಿದ್ದರೂ ಭಯ ಹೋಗಲಿಲ್ಲ. ಈ ವರ್ಷವೂ ಬಹುಮಾನ ತಪ್ಪಿದರೆ ಅದಕ್ಕೆ ಕಾರಣ ನಾನೇ ತಾನೆ.

ಸಂಕ್ರಾಂತಿಯ ಹೊತ್ತಿಗೆ ಮೆಟ್ಟಿಲ ಸಾಲಿನ ಹೂ ಉದುರಿ ಕಾಯಿ ತೂಗತೊಡಗಿದವು. ಅವರೆ, ಬಟಾಣಿ ತಿಂದು ಬೆಳೆದ ಮನೆತನ ನಮ್ಮದು. ಬಳ್ಳಿ ಕಾಯಿ ಬಿಟ್ಟಿತೆಂದರೆ ಅದಕ್ಕಿಂತ ಸಂತೋಷ ಉಂಟೆ? ಅಪ್ಪ ಗೆಳೆಯರನ್ನೆಲ್ಲ ಕರೆತಂದು ತೋರಿಸಿದರು. "ಬೇಲಿ ಕಡೆ ಒಂದು ಕಾಯೂ ಕಚ್ಚಿಲ್ಲ, ದಂಡ," ಎಂದು ಬೇಸರಪಟ್ಟುಕೊಂಡರು. ನಾನು ನೆಲ ನೋಡಿದೆ.

ಸ್ಪರ್ಧೆಯ ತೀರ್ಪಿಗೆ ಬಂದವರು ಜೀವನವಿಡೀ ತೋಟಗಳಲ್ಲೇ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು. ಮೆಟ್ಟಿಲ ಸಾಲು ಅಷ್ಟರಲ್ಲಿ ಹಳದಿ ತಿರುಗಿತ್ತು. "ಕಾಯಿ ಕಟ್ಟೋಕೆ ಬಿಟ್ಟು ಗಿಡಾನೇ ಮುಗಿಸಿಬಿಟ್ಟಿದ್ದೀರಲ್ರೀ," ಎಂದರು. ಅಪ್ಪನ ಮುಖ ಸಪ್ಪಗಾಯಿತು. ಆಮೇಲೆ ಹಿರಿಯರು ರಸ್ತೆಗೆ ಹೋಗಿ ನಿಂತರು. ಬೇಲಿಯ ತುಂಬ ಹೂ.

"ಈ ಸಾಲನ್ನ ಯಾರು ನೋಡ್ಕೊಳ್ತಿರೋದು?"

ಅಪ್ಪ ನನ್ನ ಕಡೆ ನೋಡಿದರು. ನನಗೆ ಅಳು ಬಂದುಬಿಟ್ಟಿತು. "ಪದ್ಮಮ್ಮಜ್ಜಿ ದಿನಾ ಕೀಳ್ತಾರೆ. ನಾನೇ ಬಿಟ್ಟೆ, ಅಪ್ಪ."

ಹಿರಿಯರು ನಕ್ಕರು. "ಒಳ್ಳೇದೇ ಮಾಡಿದ್ಯಲ್ಲಮ್ಮ. ಕಿತ್ತಷ್ಟೂ ಬಿಡೋ ಹೂ ಇದು. ಕೀಳ್ದಿದ್ರೆ, ಕಾಯಿ ಆಯ್ತಲ್ಲ, ಸಾಕು ಅಂತ ಒಣಗಿಹೋಗುತ್ತೆ."

ಮೂರನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಅಪ್ಪ ಬೈಯಲಿಲ್ಲ. ಮರುದಿನ ಭಾನುವಾರ ಬೆಳಿಗ್ಗೆ ಗೇಟು ತೆಗೆದು ಅವರೇ ಕಾದು ನಿಂತಿದ್ದರು.

"ಒಳಗೇ ಬನ್ನಿ ಪದ್ಮಮ್ನೋರೆ, ದಾಸವಾಳಾನೂ ಇದೆ."

"ಒಳಗೆ ಬಂದು ಕಿತ್ರೆ ಕಳ್ಳತನ ಆಗುತ್ತಪ್ಪ," ಎಂದು ಅವರು ರಸ್ತೆಯಲ್ಲೇ ನಿಂತು ಕಿತ್ತರು. ಬಹುಮಾನದ ಡಬ್ಬಿ ಎಳ್ಳುಂಡೆಯೊಂದಿಗೆ ಅವರ ಮನೆಗೆ ಹೋಗಿ, ಕೊಬ್ಬರಿ ಮಿಠಾಯಿ ತುಂಬಿಕೊಂಡು ವಾಪಸು ಬಂತು.

ಈಗ ನಾನಿರುವುದು ಕಲ್ಯಾಣ ನಗರದ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ದಸರಾ ಮುಗಿದ ಕೂಡಲೇ ಬಾಲ್ಕನಿಯ ಕುಂಡಗಳಿಗೆ ಸ್ವೀಟ್ ಪೀ ಹಾಕುತ್ತೇನೆ. ಚೆನ್ನಾಗಿಯೇ ಬರುತ್ತದೆ, ಅದೇ ಪರಿಮಳ, ನನಗೆ ಅದರಲ್ಲಿ ಸಂತೋಷವೂ ಇದೆ. ಆದರೆ ಇಷ್ಟು ಎತ್ತರಕ್ಕೆ ಯಾರ ಕೊಡೆಯೂ ಎಟಕುವುದಿಲ್ಲ. ಕಾವಲು ಕಾಯುವ ಅಗತ್ಯವೇ ಇಲ್ಲ. ಕಾಯಿ ಕಟ್ಟಬಾರದಲ್ಲ, ದಿನಾ ಬೆಳಿಗ್ಗೆ ನಾನೇ ಕೀಳುತ್ತೇನೆ, ಪದ್ಮಮ್ಮನವರ ಪಾಲನ್ನೂ.